ಕುಲ್ಸುಂಬೀಗೊಂದು ಬಾಗಿಲು

ಬಳ್ಳಾರಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡುಗಳ ಸಾಲಿನಲ್ಲಿ ಕೊನೆಯದು ಉಮಾಪತಿಯದು. ಬೆಳಗ್ಗೆ ಹತ್ತಕ್ಕೆ ಅಲ್ಲಿಗೆ ಬಂದ ಅಬ್ದುಲ್ ಸಮದ್ ಹನ್ನೆರಡಾದರೂ ನಿಂತ ಜಾಗ ಬಿಟ್ಟು ಕದಲಿರಲಿಲ್ಲ. ಅವನ ಮುಂದೆ ಎರಡು ಡಬ್ಬಿಗಳಿದ್ದವು. ಡಬ್ಬಿ ಅಂದರೆ ಚಕ್ಕುಲಿ ತುಂಬಿಡುವ ಡಬ್ಬಿಯಲ್ಲ ಮತ್ತೆ. ಛೋಟಾ ಹಾಥಿ ಅಂತ ಜನ ಕರೆಯುವ ಪುಟ್ಟ ಲಾರಿಯ ಬೆನ್ನ ಮೇಲೆ ಕೂರಿಸುವ ತಗಡಿನ ಕೋಣೆ. ಅದರೊಳಗೆ ಮಲಗಬಹುದು, ಒಲೆ ಹಚ್ಚಬಹುದು, ಮಳೆ ಬಂದರೆ ಬಾಗಿಲು ಹಾಕಿಕೊಂಡು ಕೂರಬಹುದು. ಒಂದು ಡಬ್ಬಿ ಎತ್ತರದ್ದು, ಇನ್ನೊಂದು ಗಿಡ್ಡನೆಯದು. ಹಳೆಯ ಛೋಟಾ ಹಾಥಿಯೊಂದನ್ನು ಸಮದ್ ಆಗಲೇ ಕೊಂಡು ತಂದು ಶೆಡ್ಡಿನಲ್ಲಿ ನಿಲ್ಲಿಸಿದ್ದ. ಅದರ ಮೇಲೆ ಯಾವುದನ್ನು ಕೂರಿಸಬೇಕು ಅನ್ನುವುದೇ ಬಗೆಹರಿಯುತ್ತಿರಲಿಲ್ಲ.

“ಏನ್ ಸಮದಣ್ಣ, ಹೆಣ್ಣ ನೋಡಾಕ ಬಂದಂಗ ನೋಡಾಕ ಹತ್ತೀಯಲ್ಲ,” ಎಂದ ಉಮಾಪತಿ, ವೆಲ್ಡಿಂಗಿನ ಕನ್ನಡಕವನ್ನು ಹಣೆಗೇರಿಸಿ. “ಎರಡೂ ತಗಡ ಅದಾವ. ಒಂದೂ ಹಾಡ ಹೇಳಾಂಗಿಲ್ಲ.”

ಸಮದ್ ನಕ್ಕುಬಿಟ್ಟ. ಉಮಾಪತಿ ತಮಾಷೆಗೆ ಅಂದದ್ದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಸಮದ್ ಬಂದದ್ದು ಹೆಂಡತಿಯನ್ನು ಕರೆದುಕೊಂಡು ಹೋಗುವ ಏರ್ಪಾಟಿಗೇ. ಅದೂ ಹೊಸ ಹೆಂಡತಿಯಲ್ಲ, ಮೂವತ್ತಮೂರು ವರ್ಷದ ಹಿಂದೆ ನಿಕಾಹ್ ಆದ ಕುಲ್ಸುಂಬೀಯನ್ನು. ಮೂರು ವರ್ಷದಿಂದ ಅವಳು ಕುರುಗೋಡಿನ ಮನೆಯಲ್ಲಿದ್ದಳು, ಇವನು ಹಳ್ಳಿಗಳ ದಾರಿಯಲ್ಲಿದ್ದ. ಅವಳು ಮತ್ತೆ ಜೊತೆಗೆ ಬರಬೇಕು, ಇವನಿಗೆ ಬೇಕಾದದ್ದು ಅಷ್ಟೇ.

ಸಮದ್ ಪಿಂಜಾರರವನು, ಗಾದಿ ಕಟ್ಟುವುದು ಅವನ ಕಸುಬು. ಅಪ್ಪನ ಕಾಲದಲ್ಲಿ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ನಡೆದೇ ಹೋಗುತ್ತಿದ್ದರು. ಸಮದನ ಕಾಲಕ್ಕೆ ಹಿಂಜುವ ಮಿಷನ್ನು ಬಂತು, ಅದನ್ನು ಹೊರಲು ಲಗೇಜ್ ಆಟೋ ಬಂತು. ಕುಡತಿನಿಯ ವಿದ್ಯುತ್ ಸ್ಥಾವರದ ಕ್ವಾರ್ಟರ್ಸಿನ ಕಡೆ ಹೋಗುವುದನ್ನು ಅವನು ಬಿಟ್ಟು ಬಹಳ ದಿನವಾಯಿತು. ಅಲ್ಲಿ ಎಲ್ಲರ ಮನೆಗೂ ಫೋಮಿನ ಗಾದಿ ಬಂದು ಕೂತಿದೆ. ಸಿರುಗುಪ್ಪದ ಸುತ್ತಿನ ಹಳ್ಳಿಗಳಲ್ಲಿ ಮಾತ್ರ ಇನ್ನೂ ಹಳೇ ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಹಿಂಜಿಸಿ, ಮತ್ತೆ ತುಂಬಿಸಿಕೊಳ್ಳುವ ಮಂದಿ ಇದ್ದಾರೆ.

ಈ ಕೆಲಸಕ್ಕೆ ಇಬ್ಬರು ಬೇಕು. ಗಾದಿ ತುಂಬಿದ ಮೇಲೆ ಒಳಗಿನ ಅರಳೆ ಒಂದು ಕಡೆ ಜಾರದ ಹಾಗೆ ನಡುನಡುವೆ ದಾರದ ಗಂಟು ಹಾಕಬೇಕಲ್ಲ, ಆಗ ಗಾದಿಯನ್ನು ಗೋಡೆಯ ಹಾಗೆ ನಿಲ್ಲಿಸಿ ಆ ಕಡೆ ಒಬ್ಬರು ಈ ಕಡೆ ಒಬ್ಬರು ಕೂತು ದಬ್ಬಣವನ್ನು ಒಬ್ಬರಿಗೊಬ್ಬರು ದಾಟಿಸುತ್ತಾರೆ. ಮಧ್ಯದಲ್ಲಿ ಗಾದಿ ಇರುವುದರಿಂದ ಮುಖ ಕಾಣುವುದಿಲ್ಲ, ಮಾತು ಕೇಳುತ್ತದೆ. ಸಮದ್ ಮತ್ತು ಕುಲ್ಸುಂಬೀ ಸಂಸಾರದ ಮಾತನ್ನೆಲ್ಲ ಆಡಿದ್ದು ಹೀಗೇ. ಮಗಳು ನಿಶಾತಳಿಗೆ ಆದೋನಿಯ ವರನನ್ನು ಒಪ್ಪಿಕೊಂಡದ್ದೂ ಯಾರದೋ ಮನೆಯ ಗಾದಿಯ ಎರಡು ಬದಿಯಲ್ಲಿ ಕೂತೇ.

ಇನ್ನೊಂದು ಸಂಗತಿ ಇದೆ, ಗಂಡಸರಿಗೆ ಸುಲಭಕ್ಕೆ ತಲೆಗೆ ಹೋಗುವುದಿಲ್ಲ. ಹಳೇ ಗಾದಿ ಅಂದರೆ ಮನೆಯ ಗುಟ್ಟು. ಮಗು ಒದ್ದೆ ಮಾಡಿದ್ದು, ಬಾಣಂತನದ ಕಲೆ, ಹಾಸಿಗೆ ಹಿಡಿದ ಮುದುಕಿಯ ವಾಸನೆ, ಎಲ್ಲ ಅದರಲ್ಲೇ. ಅಂಥದ್ದನ್ನು ಗಂಡಸಿನ ಮುಂದೆ ಯಾವ ಹೆಂಗಸು ತಂದು ಹಾಕುತ್ತಾಳೆ? ಕುಲ್ಸುಂಬೀ ಹಿತ್ತಲ ಬಾಗಿಲಿಂದ ಒಳಗೆ ಹೋಗುತ್ತಿದ್ದಳು, ನೀರು ಕುಡಿಯುತ್ತಿದ್ದಳು, ಮಾತು ಕೇಳುತ್ತಿದ್ದಳು, ಹೊರಗೆ ಬರುವಾಗ ಎರಡು ಗಾದಿ ಹೊತ್ತುಕೊಂಡು ಬರುತ್ತಿದ್ದಳು.

ಮಲಗುವುದು ಮಾತ್ರ ಶಾಲೆಯ ಪಡಸಾಲೆಯಲ್ಲೋ ಗುಡಿಯ ಕಟ್ಟೆಯ ಮೇಲೋ. ಮೂರು ವರ್ಷದ ಹಿಂದೆ ಕೆಂಚನಗುಡ್ಡದ ಹತ್ತಿರ ಒಂದು ಸಂಜೆ ಹೊಳೆಯ ಕಡೆಯಿಂದ ಅಡ್ಡಮಳೆ ಹೊಡೆಯಿತು. ಜ್ವರದಲ್ಲಿದ್ದ ಕುಲ್ಸುಂಬೀ ನೆತ್ತಿಯಿಂದ ಪಾದದವರೆಗೆ ತೊಯ್ದುಹೋದಳು. ಅವರು ತಂಗಿದ್ದ ಶಾಲೆಯ ಪಡಸಾಲೆಗೇ ಹೊಲದಿಂದ ಹತ್ತು ಹನ್ನೆರಡು ಗಂಡಸರು ಓಡಿಬಂದು ನಿಂತರು. ಮಳೆ ನಿಲ್ಲಲಿಲ್ಲ, ಅವರು ಹೋಗಲಿಲ್ಲ. ಸೀರೆ ಬದಲಿಸಲು ಒಂದು ಮರೆ ಇಲ್ಲದೆ ಅವಳು ಹಸಿ ಸೀರೆಯಲ್ಲೇ ನಡುಗುತ್ತಾ ಕೂತಳು. ಮರುದಿನ ಆಟೋದಲ್ಲಿ ಕುರುಗೋಡಿಗೆ ಬರುವಾಗ ಅವಳು ಹೇಳಿದಳು:

“ಇನ್ನ ಮ್ಯಾಲೆ ನಾ ಬರಾಂಗಿಲ್ರಿ. ಮೂವತ್ತ ವರ್ಷ ಮಂದಿ ಕಟ್ಟಿ ಮ್ಯಾಲ ಮಲಗೀನಿ, ಒಂದ ಮಾತ ಅಂದಿಲ್ಲ. ಸೀರಿ ಬದಲಸಾಕ ಒಂದು ಬಾಗಲ ಇಲ್ಲಂದ್ರ ನನ್ನ ಕೈಲೆ ಆಗಾಂಗಿಲ್ಲ. ಬಾಗಲಿರೋ ಜಾಗ ಮಾಡ್ರಿ, ಅವತ್ತ ಕರೀರಿ. ಬರ್ತೀನಿ.”

“ಆತು,” ಎಂದಿದ್ದ ಸಮದ್. ಆ ‘ಆತು’ ಅನ್ನುವುದು ಮೂರು ವರ್ಷ ಎಳೆಯಿತು.

ಆ ಮೂರು ವರ್ಷ ಅವನು ಒಬ್ಬನೇ ತಿರುಗಿದ. ಗಾದಿ ನಿಲ್ಲಿಸಿ ಈ ಕಡೆಯಿಂದ ದಬ್ಬಣ ಚುಚ್ಚುವುದು, ಎದ್ದು ಸುತ್ತಿ ಆ ಕಡೆ ಹೋಗಿ ಎಳೆಯುವುದು, ಅಲ್ಲಿಂದ ಚುಚ್ಚಿ ಮತ್ತೆ ಈ ಕಡೆ ಬರುವುದು. ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಆಟೋದಲ್ಲಿ ಸುತ್ತಿಡಲು ಹಗುರವಾಗಲೆಂದು ತನಗೊಂದು ಒಂಟಿ ಗಾದಿ ಹೊಲಿದುಕೊಂಡ. ಹೆಂಗಸರು ಅಂಗಳದಾಚೆಯೇ ನಿಲ್ಲಿಸಿ “ಅಕ್ಕ ಬಂದಿಲ್ಲೇನು?” ಎಂದು ಕೇಳುವರು. ಇಲ್ಲ ಅಂದರೆ “ಮುಂದಿನ ಸಲ ನೋಡೋಣ ತಗೋರಿ” ಎಂದು ಒಳಗೆ ಹೋಗುವರು. ದಿನವಿಡೀ ಒಂದು ಮಾತಾಡದೆ ಕಳೆದ ದಿನಗಳಿದ್ದವು. ಹಾಳಾದ್ದು, ಮಿಷನ್ನಿಗೇ ಬೈದು ಬಾಯಿಯ ತುರಿಕೆ ತೀರಿಸಿಕೊಳ್ಳುತ್ತಿದ್ದ.

ತಿಂಗಳಲ್ಲಿ ಐದಾರು ದಿನ ಮನೆಗೆ ಬಂದರೆ ಅಲ್ಲಿಯೂ ಅದೇ ಕತೆ. ಬೆಳಗಿನ ಜಾವ ಎದ್ದು ಹೋಗಬೇಕು, ಅವಳ ನಿದ್ದೆ ಯಾಕೆ ಕೆಡಿಸಬೇಕು ಎಂದು ಹೊರಗಿನ ಪಡಸಾಲೆಯಲ್ಲೇ ತನ್ನ ಗಾದಿ ಬಿಚ್ಚುತ್ತಿದ್ದ. ಒಳಗೆ ಕುಲ್ಸುಂಬೀ ಓಣಿಯವರಿಗೆ ಹಳೇ ಸೀರೆ ಜೋಡಿಸಿ ಕೌದಿ ಹೊಲಿಯುತ್ತಾ ಕೂತಿರುತ್ತಿದ್ದಳು. ಗ್ಯಾಸು ತೀರಿತೇ, ರೇಷನ್ ಬಂತೇ, ಅಷ್ಟೇ ಮಾತು. ಇಬ್ಬರಿಗೂ ಇನ್ನೊಬ್ಬರ ಹತ್ತಿರ ಕೂತು ಮಾತಾಡುವ ಹಂಬಲ ಹೊಟ್ಟೆಯ ತುಂಬ ಇತ್ತು, ಆದರೆ ಯಾರೂ ಮೊದಲು ಬಾಯಿ ಬಿಡಲಿಲ್ಲ.

ಕೊನೆಗೆ ಆಟೋ ಮಾರಿ ಈ ಛೋಟಾ ಹಾಥಿ ಕೊಂಡ. ಕುಲ್ಸುಂಬೀಗೆ ಸುಳಿವು ಕೊಡಲಿಲ್ಲ. ಬಾಗಿಲಿನ ಸಮೇತ ತಂದು ಮುಂದೆ ನಿಲ್ಲಿಸಬೇಕು, ಅವಳು ಬಾಯಿ ಮೇಲೆ ಕೈ ಇಟ್ಟುಕೊಳ್ಳಬೇಕು ಅನ್ನುವ ಆಸೆ.

“ಎಷ್ಟ ಮಂದಿ ಇರೋರು?” ಎಂದು ಉಮಾಪತಿ ಕೇಳಿದ.

“ಇಬ್ಬರು,” ಎಂದ ಸಮದ್ ಎದೆ ಸೆಟೆಸಿ.

“ಹಂಗಿದ್ರ ಎತ್ತರದ್ದ ತಗೋ, ಸುಮ್ನ ತಲಿ ಕೆಡಿಸಿಗೋಬ್ಯಾಡ. ಕೆಳಗ ನಿನ್ನ ಮಿಷನ್ನು, ಮ್ಯಾಲ ಅಟ್ಟ. ಅಟ್ಟದ ಮ್ಯಾಲ ಇಬ್ಬರು ಕಾಲ ಚಾಚಿ ಮಲಗಬಹುದು. ಮಹಲ್ ಇದ್ದಂಗ ಐತಿ.”

ಮಹಲೇನೋ ಸರಿ. ಆದರೆ ಸಮದ್ ಓಡಾಡುವುದು ಡಾಂಬರು ರಸ್ತೆಯಲ್ಲಲ್ಲ. ಕಾಲುವೆಯ ಏರಿ, ಗದ್ದೆಗಳ ನಡುವಿನ ಮಣ್ಣುದಾರಿ, ಎರಡೂ ಬದಿಯಿಂದ ಬಾಗಿದ ಜಾಲಿ, ಗದ್ದೆಯ ಮೋಟಾರಿಗೆ ಎಳೆದ ಜೋತುಬಿದ್ದ ಕರೆಂಟಿನ ತಂತಿ. ಅಲ್ಲಿ ಈ ಮಹಲು ಹೋಗುತ್ತದೆಯೇ? ಸಮದ್ ಅಂದಾಜಿನ ಮೇಲೆ ಕೆಲಸ ಮಾಡುವವನಲ್ಲ. ಎತ್ತರದ ಡಬ್ಬಿ ಎಷ್ಟಿದೆಯೋ ಅಷ್ಟೇ ಎತ್ತರಕ್ಕೆ ಒಂದು ಒಣ ಬಿದಿರನ್ನು ಕತ್ತರಿಸಿ, ಬರಿಯ ಛೋಟಾ ಹಾಥಿಯ ಹಿಂದೆ ನೆಟ್ಟಗೆ ಕಟ್ಟಿ, ತನ್ನ ದಾರಿಗಳಲ್ಲೆಲ್ಲ ಎರಡು ದಿನ ಓಡಿಸಿದ. ಜನಕ್ಕೆ ನಗು. “ಏನ್ ಸಮದಣ್ಣ, ಬಾವುಟ ಕಟ್ಟೋದ ಮರತಿಯೇನು?” ಎಂದು ಭತ್ತದ ಚೀಲ ಹೊರುತ್ತಿದ್ದವರು ಕೂಗಿದರು. ಇವನು ಸಿಟ್ಟಾಗಲಿಲ್ಲ. ತಂತಿ ಹತ್ತಿರ ಬಂದಾಗಲೆಲ್ಲ ಗಾಡಿ ನಿಲ್ಲಿಸಿ, ಇಳಿದು, ಕತ್ತೆತ್ತಿ ನೋಡಿದ. ಮೂರು ಕಡೆ ಬಿದಿರು ತಂತಿಗಿಂತ ಮೇಲಿತ್ತು. ಜಾಲಿಯ ಟೊಂಗೆಗಳಂತೂ ಲೆಕ್ಕವಿಲ್ಲದಷ್ಟು ಸಲ ಅದನ್ನು ಬಡಿದವು.

“ಗಿಡ್ಡಂದು,” ಎಂದು ಬಂದು ಹೇಳಿದ. ಎಲ್ಲ ರೀತಿಯಿಂದಲೂ ಅದೇ ಸರಿಯಾದ ಆಯ್ಕೆಯಾಗಿತ್ತು. ತಂತಿಗೆ ತಾಗುವುದಿಲ್ಲ, ಏರಿಯ ಮೇಲೆ ಗಾಳಿಗೆ ಓಲಾಡುವುದಿಲ್ಲ, ಕರಿಮಣ್ಣಿನಲ್ಲಿ ಹೂತರೂ ಎಳೆಯಬಹುದು. ಉಮಾಪತಿಯೂ ತಲೆಯಾಡಿಸಿದ. ಇಷ್ಟು ಬುದ್ಧಿ ಓಡಿಸಿದೆನಲ್ಲ ಎಂದು ಸಮದನಿಗೆ ತನ್ನ ಬಗ್ಗೆಯೇ ಹಿಗ್ಗಾಯಿತು.

ಒಳಗಿನ ಅಳತೆ ಕೊಡುವ ದಿನ ಉಮಾಪತಿ ಟೇಪು ಹಿಡಿದು ಬಂದ. “ಟೇಪ್ ಯಾಕ ಬೇಕಪ?” ಎಂದ ಸಮದ್. ಗಾದಿ ಕಟ್ಟುವವನ ಹೆಮ್ಮೆ ಅದು. ತನ್ನ ಗಾದಿಯನ್ನೇ ಹೆಗಲ ಮೇಲೆ ತಂದಿದ್ದ. ಗಾಡಿಯ ಮೇಲೆ ಒಂದು ಬದಿಗೆ ಮಿಷನ್ನು ಇಡಿಸಿ, ಪಕ್ಕದಲ್ಲಿ ಗಾದಿ ಬಿಚ್ಚಿ, ಅದರ ಮೇಲೆ ಅಂಗಾತ ಮಲಗಿ ತೋರಿಸಿದ. ಉಮಾಪತಿ ಸುತ್ತಲೂ ಸೀಮೆಸುಣ್ಣದ ಗೆರೆ ಎಳೆದ. ಆಮೇಲೆ ಸಮದ್ ಒಂದೊಂದಾಗಿ ಹೇಳಿ ಬರೆಸಿದ. ಬಾಗಿಲಿಗೆ ಒಳಗಿನಿಂದ ಚಿಲಕ ಒಂದಲ್ಲ, ಎರಡು. ಕಿಟಕಿಗೆ ಪರದೆ. ಸೀರೆ ತೂಗುಹಾಕಲು ಕೊಕ್ಕೆ. ಹೆಣ್ಣುಮಗಳ ಎತ್ತರಕ್ಕೆ ಒಂದು ಕನ್ನಡಿ.

ಗಾಡಿ ಕುರುಗೋಡಿಗೆ ಬಂದದ್ದು ಒಂದು ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿದ ಮೇಲೆ. ಸಮದ್ ಮನೆಯ ಮುಂದೆ ನಿಲ್ಲಿಸಿ ಹಾರ್ನು ಒತ್ತಿಯೇ ಒತ್ತಿದ. ಕುಲ್ಸುಂಬೀ ಸೆರಗು ಸರಿಮಾಡಿಕೊಳ್ಳುತ್ತಾ ಹೊರಗೆ ಬಂದಳು.

“ಯಾರ್ದ್ರೀ ಇದು?”

“ನಿಂದು. ಬಾಗಲ ಕೇಳಿದ್ದಿಲ್ಲ? ತಗೋ ಬಾಗಲ.”

ಅವಳು ಬಾಯಿ ಮೇಲೆ ಕೈ ಇಟ್ಟುಕೊಳ್ಳಲಿಲ್ಲ. ಬಾಗಿಲನ್ನು ಮುಟ್ಟಿ ನೋಡಿದಳು, ತೆರೆದಳು, ಒಳಗೆ ಹತ್ತಿದಳು. ಬಾಗಿಲು ಮುಚ್ಚಿತು. ಒಳಗಿನಿಂದ ಮೇಲಿನ ಚಿಲಕ ಬಿದ್ದ ಸದ್ದು, ಕೆಳಗಿನದು ಬಿದ್ದ ಸದ್ದು. ಹೊರಗೆ ನಿಂತ ಸಮದನಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. ಬಹಳ ಹೊತ್ತು ಅವಳು ಹೊರಗೆ ಬರಲಿಲ್ಲ. ಬರದಿದ್ದರೇನು, ಇರಲಿ, ಕೂರಲಿ ಎಂದುಕೊಂಡ.

ಕೊನೆಗೆ ಚಿಲಕ ಸರಿಸಿ ಬಾಗಿಲು ತೆರೆದು ಅವಳು ಗಾದಿಯ ಅಂಚಿಗೆ ಕೂತಳು. ಅವಳ ಕಣ್ಣು ಒದ್ದೆಯಾಗಿತ್ತು.

“ಚಂದ ಐತ್ರಿ,” ಎಂದಳು. “ಕನ್ನಡಿ ಸೈತ ಹಾಕ್ಸೀರಿ.”

ಹಾಗಂದವಳು ಅಂಗೈ ಅಗಲಿಸಿ ಗಾದಿಯ ಮೇಲೆ ಗೇಣು ಹಾಕಿದಳು. ಬದುಕೆಲ್ಲ ಗಾದಿ ಹೊಲಿದ ಕೈ ಅದು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯ ಗೇಣಿಗೆ ಬೆರಳು ಮಿಷನ್ನಿನ ಕಬ್ಬಿಣಕ್ಕೆ ತಾಗಿತು. ಅವಳು ಇನ್ನೊಂದು ಸಲ ಹಾಕಿ ನೋಡಿದಳು.

“ನಾಕ ಗೇಣು,” ಎಂದಳು.

“ಹೂಂ, ಮೂರಡಿ-ಆರಡಿ ಗಾದಿ. ಹೆಂಗ ಕುಂತೈತಿ ನೋಡು, ಒಂದ ಬೆರಳ ಸಂದಿಲ್ಲ,” ಎಂದ ಸಮದ್.

“ಮತ್ತ ನಾ?”

ಸಮದ್ ಅವಳನ್ನು ನೋಡಿದ, ಗಾದಿಯನ್ನು ನೋಡಿದ. ತಂತಿ ನೋಡಿದ್ದ, ಟೊಂಗೆ ನೋಡಿದ್ದ, ಗಾಳಿ ಮಣ್ಣು ಎಲ್ಲ ನೋಡಿದ್ದ. ಎರಡು ಚಿಲಕ ಹಾಕಿಸಿದ್ದ. ಅಯ್ಯೋ ದೇವರೇ, ಇಬ್ಬರು ಅಂತ ತನ್ನ ಬಾಯಿಂದಲೇ ಹೇಳಿ, ಒಬ್ಬನ ಗಾದಿ ಹೊತ್ತುಕೊಂಡು ಹೋಗಿ, ಒಬ್ಬನೇ ಮಲಗಿ, ಒಬ್ಬನ ಸುತ್ತ ಗೆರೆ ಎಳೆಸಿಕೊಂಡು ಬಂದಿದ್ದ!

“ನಾ ಕೆಳಗ ಹಾಸಿಗೊಂತೀನಿ,” ಎಂದ ತಡವರಿಸುತ್ತಾ. “ಗಾಡಿ ಬುಡಕ. ನನಗೇನ, ರೂಢಿ ಐತಿ. ನೀ ಒಳಗ ಇರು.”

“ನಾ ಒಳಗ, ನೀವು ಹೊರಗ. ಮನ್ಯಾಗೂ ಹಂಗ ಐತಲ್ರಿ. ಅದಕ ಊರೂರ ತಿರಗೋದ್ಯಾಕ?”

“ನಿನ್ನ ಮರತಿದ್ದಿಲ್ಲ ಕುಲ್ಸುಂ. ಅಲ್ಲಾನ ಆಣಿ. ನಿನ್ನ ಸಲುವಾಗೇ ಮಾಡ್ಸೀನಿ ಇದನ್ನ.”

“ಗೊತ್ತೈತ್ರಿ. ನೀವು ಮರತಿಲ್ಲ. ನಿಮ್ಮ ಕೈ ಮರತೈತಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಮದನಿಗೆ ಸುಲಭವಾಗುತ್ತಿತ್ತು. “ಮೂರ ವರ್ಷ ನೀವು ಹೆಂಗ ಮಲಗೀರಿ ಅಂತ ಇವತ್ತ ತಿಳೀತು. ನನಗ ಭಾಳ ಸಂಕಟ ಆಗತೈತ್ರಿ.”

ಮಿಷನ್ನು ಇಳಿಸಿದರೆ ಇಬ್ಬರಿಗೂ ಜಾಗವಾಗುತ್ತಿತ್ತು, ನಿಜ. ಆದರೆ ಮಿಷನ್ನಿಲ್ಲದೆ ಯಾವ ಕೆಲಸಕ್ಕೆಂದು ಹೋಗುವುದು? ತಂತಿ ತಾಗುವ ಕಡೆ ಬಳಸಿ ಹೋದರಾಯಿತು ಎಂದುಕೊಂಡು ಸಮದ್ ಅಲ್ಲಿಂದಲೇ ಉಮಾಪತಿಗೆ ಫೋನು ಹಚ್ಚಿದ. ಎತ್ತರದ ಡಬ್ಬಿ ಆಗಲೇ ಯಾರಿಗೋ ಹೋಗಿತ್ತು. ಇದನ್ನು ಬಿಚ್ಚಿ ಮೇಲೊಂದು ಅಟ್ಟ ಕೂರಿಸುವುದಾದರೆ ಮಳೆಗಾಲ ಕಳೆಯಲಿ, ಈಗ ಕೈ ತುಂಬ ಕೆಲಸ ಎಂದ ಅವನು. ಇತ್ತ ಮದುವೆಯ ಹಂಗಾಮು ಶುರುವಾಗಿತ್ತು, ಸಮದನೂ ಕಾಯುವಂತಿರಲಿಲ್ಲ.

“ಮಳಿಗಾಲ ಮುಗದ ಮ್ಯಾಲ ದೊಡ್ಡದ ಮಾಡಸ್ತೀನಿ. ಅವಾಗ ಬರ್ತೀಯಿಲ್ಲ?” ಎಂದು ಕೇಳಿದ.

“ಆತು,” ಎಂದಳು ಕುಲ್ಸುಂಬೀ, ಮತ್ತು ಕೌದಿ ಹೊಲಿಯಲು ಒಳಗೆ ಹೋದಳು.

ಸೋಮವಾರ ಸಮದ್ ಒಬ್ಬನೇ ಹೊರಟ. ಸಿರುಗುಪ್ಪ ದಾಟಿ ದೇಶನೂರಿಗೆ ಬಂದು ಆಲದ ಮರದ ನೆರಳಿಗೆ ಗಾಡಿ ನಿಲ್ಲಿಸಿದಾಗ ಹನ್ನೊಂದು ಗಂಟೆ. ಹೊಸ ಗಾಡಿ ಅಂತ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಸಾವಂತ್ರಮ್ಮ ಎಲ್ಲರಿಗಿಂತ ಮುಂದೆ ಬಂದಳು. ಕುಲ್ಸುಂಬೀಗೆ ಈ ಊರಿನಲ್ಲಿ ಯಾರಾದರೂ ಗೆಳತಿ ಅಂತ ಇದ್ದರೆ ಇವಳೇ.

“ಸಮದಣ್ಣ, ಅಕ್ಕ ಬಂದಾಳೇನು?”

ಇಲ್ಲ ಅನ್ನಬೇಕಿತ್ತು. ಮೂರು ವರ್ಷದಿಂದ ಊರೂರಿನಲ್ಲಿ ಅಂದು ಅಂದು ಬೇಸತ್ತ ಮಾತು ಅದು. ಸಮದನಿಗೆ ಆ ಒಂದು ಮಾತು ಬಾಯಿಂದ ಹೊರಡಲಿಲ್ಲ.

“ಬಂದಾಳವ್ವ,” ಎಂದುಬಿಟ್ಟ. “ಒಳಗ ಮಲಗ್ಯಾಳ.”

ಸಾವಂತ್ರಮ್ಮನ ಮುಖ ಅರಳಿತು. ಓಣಿಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಕಾಲು ಗಂಟೆಯಲ್ಲಿ ಗಾದಿಗಳು ಹೊರಗೆ ಬಂದವು. ಎರಡು, ನಾಲ್ಕು, ಆರು. ಮೂರು ವರ್ಷ ಮೂಲೆಯಲ್ಲಿ ಬಚ್ಚಿಟ್ಟಿದ್ದನ್ನೆಲ್ಲ ತಂದು ಆಲದ ಬುಡದಲ್ಲಿ ಒಟ್ಟಿದರು. ಹಿಂಜಬೇಕೆಂದರೆ ಮಿಷನ್ನು ಇಳಿಸಬೇಕು. ಮಿಷನ್ನು ಇಳಿಸಬೇಕೆಂದರೆ ಎಲ್ಲರ ಕಣ್ಣೆದುರಿಗೆ ಬಾಗಿಲು ತೆರೆಯಬೇಕು.

ಅಷ್ಟರಲ್ಲಿ ಸಾವಂತ್ರಮ್ಮ ಒಂದು ಗಂಟು ಕಂಕುಳಲ್ಲಿಟ್ಟುಕೊಂಡು ಗಾಡಿಯ ಹಿಂದಕ್ಕೆ ಬಂದಳು. ಸಮದ್ ಮುಂದಿನ ಚಕ್ರದ ಹತ್ತಿರ ಕೂತದ್ದು ಅವಳಿಗೆ ಕಾಣಲಿಲ್ಲ. ಮುಚ್ಚಿದ ಬಾಗಿಲಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಮಾತಾಡತೊಡಗಿದಳು.

“ಅಕ್ಕಾ, ಎಚ್ಚರದಿಯೇನು? ನಾ, ಸಾವಂತ್ರಿ. ನಮ್ಮ ಮನಿಯವ್ರು ಹೋಗಿಬಿಟ್ರ ಅಕ್ಕಾ, ಯುಗಾದಿ ಮುಂದ. ಅವ್ರು ಮಲಗಿದ್ದ ಗಾದಿ ಹೊರಗ ಒಗೀರಿ ಅಂತ ಎಲ್ಲಾರೂ ಅಂದ್ರು. ಒಗದೆ. ಆದ್ರ ಯಾರಿಗೂ ಗೊತ್ತಾಗದಂಗ ಒಂದ ಸ್ವಲ್ಪ ಅರಳಿ ತಕ್ಕೊಂಡ ಇಟ್ಟೀನಿ. ನನಗೊಂದು ದಿಂಬು ಮಾಡಿಕೊಡ್ತೀಯೇನು? ನೀ ಬರ್ತಿ ಅಂತ ದಾರಿ ಕಾಯಾಕ ಹತ್ತಿದ್ದೆ. ಮತ್ಯಾರಿಗಿ ಹೇಳ್ಲಿ?”

ಬಾಗಿಲು ಸುಮ್ಮನಿತ್ತು. ಸಾವಂತ್ರಮ್ಮ ಸ್ವಲ್ಪ ಹೊತ್ತು ಕಾದಳು. ಕೇಳಬಾರದ್ದನ್ನು ಕೇಳಿಬಿಟ್ಟೆನಲ್ಲ ಎಂದು ನಾಚಿಕೆಯಿಂದ ಸಮದನಿಗೆ ತಲೆ ಎತ್ತಲಾಗಲಿಲ್ಲ.

“ನಿದ್ದಿ ಹತ್ತೈತಿ ಪಾಪ,” ಎನ್ನುತ್ತಾ ಅವಳು ಮುಂದೆ ಬಂದಳು. ಕೂತಿದ್ದ ಅವನನ್ನು ಕಂಡು ಗಂಟನ್ನು ಸೆರಗಿನಲ್ಲಿ ಮುಚ್ಚಿ ಕೊಟ್ಟಳು. “ಇದನ್ನ ಅಕ್ಕನ ಕೈಯಾಗ ಕೊಡ್ರಿ. ಆಕಿಗಿ ಆರಾಮಿಲ್ಲೇನು?”

“ಜ್ವರ ಬಂದಾವ,” ಎಂದ ಸಮದ್. ಒಂದು ಸುಳ್ಳಿಗೆ ಇನ್ನೊಂದು ಬೇಕಲ್ಲ. “ಮಿಷನ್ನೂ ಕೆಟ್ಟೈತಿ. ಇವತ್ತ ಆಗಾಂಗಿಲ್ಲವ್ವ. ಆಕಿನ್ನ ದವಾಖಾನಿಗಿ ಕರಕೊಂಡ ಹೋಗ್ತೀನಿ.”

ಆರು ಗಾದಿಗಳು ಬಂದ ದಾರಿಯಲ್ಲೇ ಮನೆಗಳೊಳಗೆ ಹೋದವು. ಯಾರೂ ಗೊಣಗಲಿಲ್ಲ. ಮಾತಾಡಿದವರೆಲ್ಲ ದನಿ ತಗ್ಗಿಸಿ ಮಾತಾಡಿದರು, ಒಳಗಿನವಳಿಗೆ ಎಚ್ಚರವಾಗದಿರಲಿ ಎಂದು. ಅವನು ಗಾಡಿ ಚಾಲೂ ಮಾಡುವಷ್ಟರಲ್ಲಿ ಸಾವಂತ್ರಮ್ಮ ಓಡಿಬಂದು ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯನ್ನು ಕಿಟಕಿಯಿಂದ ಒಳಗಿಟ್ಟಳು. “ಎರಡು ನಿಮಗ, ಎರಡು ಆಕಿಗಿ. ಬದ್ನಿಕಾಯಿ ಪಲ್ಯ ಐತಿ, ಆಕಿಗಿ ಸೇರತೈತಿ. ಬಿಸೀದ ಇದ್ದಾಗ ತಿನ್ನಾಕ ಹೇಳ್ರಿ.”

ಊರು ಮರೆಯಾಗುವ ತನಕ ಸಮದ್ ಕುಳಿಗಳಲ್ಲಿ ಗಾಡಿಯನ್ನು ಮೆಲ್ಲಗೆ ಇಳಿಸಿ ಮೆಲ್ಲಗೆ ಹತ್ತಿಸಿದ. ಕಾಲುವೆಯ ಏರಿಯ ಮೇಲೆ ಯಾರೂ ಇಲ್ಲದ ಕಡೆ ನಿಲ್ಲಿಸಿ, ಹಿಂದೆ ಬಂದು ಬಾಗಿಲು ತೆರೆದ. ಸಾವಂತ್ರಮ್ಮನ ಗಂಟನ್ನು ಗಾದಿಯ ತಲೆದೆಸೆಗೆ ಇಟ್ಟ. ಹೊಸ್ತಿಲ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತು ರೊಟ್ಟಿಯ ಗಂಟು ಬಿಚ್ಚಿದ. ಎರಡು ತಿಂದ. ಉಳಿದ ಎರಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಕಾಲುವೆಯ ನೀರು ನೋಡುತ್ತಾ ಸ್ವಲ್ಪ ಹೊತ್ತು ಕೂತ. ಆಮೇಲೆ ಬಿಸಿ ಆರುವ ಮೊದಲು ಆ ಎರಡನ್ನೂ ತಾನೇ ತಿಂದ.